ಬೆಂಕಿ ಹಚ್ಚಲು ಅನುಮತಿ ಕೋರಿ

"ವಿಷಯ: ಗುಡ್ಡದ ಸೆರಗಿನ ಹುಲ್ಲಿಗೆ ಬೆಂಕಿ ಹಚ್ಚಲು ಅನುಮತಿ ಕೋರಿ."

ಅರ್ಜಿಯ ಮೇಲೆ ಹೀಗಂತ ನಾನೇ ಕೈಯಾರೆ ಬರೆದಿದ್ದೆ. ಆವಕ-ಜಾವಕ ಟೇಬಲ್ಲಿನ ಗುಮಾಸ್ತರು ಓದಿದರು, ಕನ್ನಡಕದ ಮೇಲಿಂದ ನನ್ನ ಮುಖ ನೋಡಿದರು, ಮತ್ತೊಮ್ಮೆ ಓದಿದರು. ಆಮೇಲೆ ಹಾಳೆಯನ್ನು ಎರಡು ಬೆರಳಲ್ಲಿ ನನ್ನ ಕಡೆಗೆ ಸರಿಸಿದರು.

"ಮೆಂಬರಕ್ಕಾರ, ಇದಕ್ಕ ನಾ ಶಿಕ್ಕಾ ಹೊಡದೆ ಅಂದ್ರ, ನಿಮ್ಮ ಮ್ಯಾಲ ಕೇಸ್ ಮಾಡಾಕ ನೀವ ಸಾಕ್ಷಿ ಬರದುಕೊಟ್ಟಂಗ ಆಕ್ಕೈತಿ. ಸುಮ್ನ ಮನಿಗೆ ಒಯ್ಯಿರಿ."

ನಮ್ಮೂರು ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡದಲ್ಲಿದೆ, ಡೋಣಿ ಕಡೆಗೆ. ಊರಿನ ಹೆಸರು ಬೇಡ, ಮುಂದೆ ಕೆಲವರ ವಿಷಯ ಬರುತ್ತದೆ. ನಮ್ಮ ವಾರ್ಡು ಮಹಿಳಾ ಮೀಸಲು ಆದಾಗ ನನ್ನನ್ನು ಪಂಚಾಯಿತಿಗೆ ನಿಲ್ಲಿಸಿದರು, ಗೆದ್ದೆ. ಪಿಯುಸಿ ಓದಿದವಳೆಂದು ಊರಿನ ಅರ್ಜಿಗಳೆಲ್ಲ ನನ್ನ ಹತ್ತಿರ ಬರುತ್ತವೆ. ಪಿಂಚಣಿ, ರೇಷನ್ ಕಾರ್ಡು, ಸುಟ್ಟ ಟಿಸಿ, ಎಲ್ಲ ಬರೆದು ರೂಢಿ. ಈ ಬೆಂಕಿಯ ಅರ್ಜಿ ಮಾತ್ರ ನನ್ನ ಸ್ವಂತದ್ದು.

ಅದಕ್ಕೆ ಹಿಂದಿನ ವರ್ಷ, ಶಿವರಾತ್ರಿಗೆ ಇನ್ನೂ ನಾಲ್ಕು ದಿನ ಇರುವಾಗ, ಮಟಮಟ ಮಧ್ಯಾಹ್ನ ಯಾರೋ ಹೊಲದ ಬದುವಿಗೆ ಕಡ್ಡಿ ಗೀರಿದರು. ಬದುವಿನ ಮುಳ್ಳುಕಂಟಿ ಸುಟ್ಟರೆ ಇಲಿ-ಹಾವಿನ ಕಾಟ ತಪ್ಪುತ್ತದೆ, ಮಳೆಗೆ ಎಳೆ ಹುಲ್ಲು ಏಳುತ್ತದೆ ಅನ್ನುವುದು ನಮ್ಮ ಕಡೆಯ ಹಳೆಯ ರೂಢಿ. ಹಚ್ಚಿದವರು ಯಾರೆಂದು ಊರಿಗೆಲ್ಲ ಗೊತ್ತು, ಯಾರ ಬಾಯಲ್ಲೂ ಇಲ್ಲ. ಬದುವಿನಿಂದ ಊರ ದನ ಮೇಯುವ ಗಾಯರಾಣಕ್ಕೆ, ಗಾಯರಾಣದಿಂದ ನಮ್ಮ ಕಣಕ್ಕೆ. ಜೋಳದ ಕಣಕಿಯ ಎರಡು ಬಣವಿ ಕಣ್ಣೆದುರೇ ಹೋದವು. ಬಣವಿ ಉರಿಯುವಾಗ ಸದ್ದು ಬರುವುದಿಲ್ಲ ಅಂದುಕೊಂಡಿದ್ದೆ. ಬರುತ್ತದೆ. ದೊಡ್ಡ ಪ್ರಾಣಿ ಉಸಿರೆಳೆದ ಹಾಗೆ. ಎರಡು ಎತ್ತು, ಒಂದು ಆಕಳಿನ ಆರು ತಿಂಗಳ ಮೇವದು.

ಬೆಂಕಿ ಅಲ್ಲಿಗೇ ನಿಲ್ಲದೆ ಗುಡ್ಡ ಏರಿತು. ಸಪಾಟಾದ ನೆಲದಲ್ಲಿ ನಡೆಯುತ್ತಿದ್ದದ್ದು ಏರಿನಲ್ಲಿ ಓಡಿತು. ಇಳಿಜಾರು 10 ಡಿಗ್ರಿ ಹೆಚ್ಚಾದರೆ ಬೆಂಕಿಯ ವೇಗ ಹೆಚ್ಚು ಕಡಿಮೆ ದುಪ್ಪಟ್ಟಾಗುತ್ತದೆಂದು ಆಮೇಲೆ ನಮಗೆ ಅರಣ್ಯದ ಗಾರ್ಡ್ ಹೇಳಿದರು; ಜ್ವಾಲೆ ಮೇಲಕ್ಕೆ ಬಾಗಿ ಮುಂದಿನ ಹುಲ್ಲನ್ನು ಮೊದಲೇ ಒಣಗಿಸಿಟ್ಟಿರುತ್ತದಂತೆ. ಹಸಿ ಬಂದರಕಿ ಟೊಂಗೆ ಹಿಡಿದು ಬಡಿಯುತ್ತಿದ್ದ ನಮ್ಮವರಿಗೆ ಆ ಲೆಕ್ಕ ಗೊತ್ತಿರಲಿಲ್ಲ, ಮೇಲಿನಿಂದ ಎದುರಾಗಿ ನಿಲ್ಲಲು ಹೋಗಿ ಇಬ್ಬರು ಹುಬ್ಬು ಸುಟ್ಟುಕೊಂಡರು. ಮರುದಿನ ಬೆಳಗಿನ ಜಾವ ಇಬ್ಬನಿ ಬಿದ್ದ ಮೇಲೆಯೇ ಅದು ಸೋತಿದ್ದು.

ನಮ್ಮ ಅತ್ತೆ ಅಂದು ಸಂಜೆ ಬೂದಿಯ ಹತ್ತಿರ ಕೂತು ಒಂದೇ ಮಾತು ಹೇಳಿದರು: "ಬನದ ಹುಣ್ಣಿವಿಯೊಳಗ ನಾವ ಸುಟ್ಟಿದ್ರ ಇದು ಬರ್ತಿದ್ದಿಲ್ಲ."

ಅವರ ಕಾಲದಲ್ಲಿ ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ, ಸಂಕ್ರಮಣದ ಆಸುಪಾಸು, ಗಾಯರಾಣದ ಅಂಚನ್ನು ಊರವರೇ ಒಂದು ಪಟ್ಟಿಯಷ್ಟು ಸುಡುತ್ತಿದ್ದರಂತೆ. ಆಗ ಹುಲ್ಲಿನ ಬುಡದಲ್ಲಿ ಇನ್ನೂ ಹಸಿ ಇರುತ್ತದೆ, ಚಳಿಯ ಗಾಳಿ ಮೆತ್ತಗಿರುತ್ತದೆ, ಬೆಂಕಿ ನಾವು ಹೇಳಿದ ಹಾಗೆ ಕೇಳುತ್ತದೆ. ಭಾರತ ಹುಣ್ಣಿವೆ ದಾಟಿತೆಂದರೆ ಮುಟ್ಟುತ್ತಿರಲಿಲ್ಲ. ಇನ್ನೊಂದು ಮಾತನ್ನೂ ಅತ್ತೆ ಹೇಳುತ್ತಾರೆ, ನನಗೆ ಅದು ಕಾನೂನಿಗಿಂತ ದೊಡ್ಡ ಕಾರಣ ಅನ್ನಿಸುತ್ತದೆ. ಹಿಂದೆ ಊರಲ್ಲಿ ದನ ಇದ್ದವು, ಹುಲ್ಲು ಮೊಣಕಾಲು ದಾಟುತ್ತಿರಲಿಲ್ಲ, ಉಳಿದದ್ದನ್ನು ಕೊಯ್ದು ಕರಡ ಮಾಡುತ್ತಿದ್ದರು. ಟ್ರ್ಯಾಕ್ಟರ್ ಬಂದವು, ಎತ್ತು ಹೋದವು. ಈಗ ಗಾಯರಾಣದಲ್ಲಿ ಹುಲ್ಲು ಸೊಂಟಕ್ಕೆ ಬರುತ್ತದೆ, ಕೊಯ್ಯುವವರಿಲ್ಲ.

ಹಾಗಂತ ಗುಡ್ಡಕ್ಕೆ ಕಾವಲು ಬಂದದ್ದು ತಪ್ಪು ಅನ್ನುವವಳಲ್ಲ ನಾನು. ಗಣಿಯವರ ಕಣ್ಣು ಈ ಗುಡ್ಡದ ಮೇಲೆ ಬಿದ್ದಾಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಜನರನ್ನು ಕೂಡಿಸಿ ಕೂತದ್ದನ್ನು ನಮ್ಮ ಮಂದಿ ಮರೆತಿಲ್ಲ. 2015ರಲ್ಲಿ ಸಂರಕ್ಷಿತ ಪ್ರದೇಶ ಅಂದರು, 2016ರಲ್ಲಿ ಹಿಂದಕ್ಕೆ ತೆಗೆದುಕೊಂಡರು, ಜನ ಬೀದಿಗೆ ಬಂದ ಮೇಲೆ 2017ರಲ್ಲಿ ಮತ್ತೆ ಕೊಟ್ಟರು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿ ಅಭಯಾರಣ್ಯವಾಯಿತು. ಸ್ವಾಮಿಗಳು ಅದನ್ನು ನೋಡಲು ಇರಲಿಲ್ಲ, ಹಿಂದಿನ ವರ್ಷವೇ ಲಿಂಗೈಕ್ಯರಾಗಿದ್ದರು. ಅಭಯಾರಣ್ಯ ಆದಾಗ ನಮ್ಮೂರಲ್ಲಿ ಪೇಡೆ ಹಂಚಿದವರೂ ಇದ್ದರು, ಇನ್ನು ಕುರಿ ಎಲ್ಲಿ ಹೊಡೆಯೋದು ಅಂದವರೂ ಇದ್ದರು. ಬೆಂಕಿ ರೂಢಿ ಏನಾಗುತ್ತದೆ ಎಂದು ಕೇಳಿದ ಒಬ್ಬರನ್ನೂ ನಾನು ನೋಡಲಿಲ್ಲ. ನಾನೂ ಕೇಳಲಿಲ್ಲ.

ಗುಮಾಸ್ತರು ಅರ್ಜಿ ವಾಪಸು ಕೊಟ್ಟ ದಿನವೇ ಅರಣ್ಯದ ಒಬ್ಬ ಸಾಹೇಬರ ಎದುರು ಕೂತೆ. ಒಳ್ಳೆಯ ಮನುಷ್ಯ, ಚಹಾ ತರಿಸಿದರು. ಕರ್ನಾಟಕ ಅರಣ್ಯ ಕಾಯ್ದೆ 1963ರ 24ನೇ ಕಲಮಿನಲ್ಲಿ ಮೀಸಲು ಅರಣ್ಯಕ್ಕೆ ಬೆಂಕಿ ಇಡುವುದು ಅಪರಾಧ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 30ನೇ ಕಲಮಿನಲ್ಲಿ ಅಭಯಾರಣ್ಯಕ್ಕೆ ಬೆಂಕಿ ಇಡುವುದಷ್ಟೇ ಅಲ್ಲ, ಅದಕ್ಕೆ ಅಪಾಯ ಆಗುವ ಹಾಗೆ ಅದರೊಳಗೆ ಬೆಂಕಿ ಹೊತ್ತಿಸುವುದು, ಉರಿಯುವ ಬೆಂಕಿಯನ್ನು ಬಿಟ್ಟು ಹೋಗುವುದು ಎರಡೂ ಅಪರಾಧ.

"ಹಂಗಾದ್ರ ಸಾಹೇಬ್ರ, ನೀವು ಪ್ರತಿ ವರ್ಷ ಕಾಡಿನ ಬೆಂಕಿ ತಡ್ಯಾಕ ಬೆಂಕಿ ರೇಖೆ ಅಂತ ಪಟ್ಟಿ ಸುಡ್ತೀರಲ್ರಿ, ಅದು?"

"ಅದು ಇಲಾಖೆ ಕೆಲಸ ಅಕ್ಕಾರ. ವರ್ಷಾ ಬೆಂಕಿ ಯೋಜನೆ ಮಾಡಿ, ಮಂಜೂರಿ ತಗೊಂಡು, ನಮ್ಮ ಸಿಬ್ಬಂದಿ ನಿಂತು ಮಾಡೂದು. ಕಾಡು ಉಳಿಸಾಕ ಸುಡೂದು ಬ್ಯಾರೆ, ಕಾಡು ಸುಡೂದು ಬ್ಯಾರೆ."

ಒಪ್ಪಬೇಕಾದ ಮಾತು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ 10 ಸಾವಿರ ಎಕರೆಗೂ ಹೆಚ್ಚು ಸುಟ್ಟಿದ್ದನ್ನು ಟಿವಿಯಲ್ಲಿ ನಾವೂ ನೋಡಿದ್ದೆವು. ಅದಕ್ಕೂ ಮೊದಲು 2017ರಲ್ಲಿ ಅದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜೀವ ಬಿಟ್ಟಿದ್ದರು. ಬೆಂಕಿಯ ಬಗ್ಗೆ ಅವರಿಗೆ ಅಂಜಿಕೆ ಇರುವುದರಲ್ಲಿ ತಪ್ಪಿಲ್ಲ. ವಿಷಯದ ಸಾಲನ್ನು ತಿದ್ದಿಸಿದವರೂ ಅವರೇ: "ಬೆಂಕಿ ಹಚ್ಚಲು" ಹೋಗಿ "ಬೆಂಕಿ ರೇಖೆ ನಿರ್ಮಾಣ ಕುರಿತು" ಆಯಿತು. ಅದೇ ಗುಮಾಸ್ತರು ಅದೇ ದಿನ ಶಿಕ್ಕಾ ಹೊಡೆದು ಆವಕ ನಂಬರ್ ಕೊಟ್ಟರು. ಪದ ಬದಲಾದರೆ ಅರ್ಜಿ ಹೊಟ್ಟೆಗೆ ಹೋಗುತ್ತದೆ, ಇದನ್ನು ಪಿಂಚಣಿ ಅರ್ಜಿಗಳಲ್ಲೇ ಕಲಿಯಬೇಕಿತ್ತು ನಾನು.

ಆದರೆ ಅಸಲಿ ತೊಡಕು ಜಾಗದ್ದು. ನಮ್ಮ ಹೊಲಗಳ ಸಾಲು ಮುಗಿದ ಮೇಲೆ ಗಾಯರಾಣ, ಗಾಯರಾಣ ಮುಗಿದ ಮೇಲೆ ಅಭಯಾರಣ್ಯದ ಕಲ್ಲು. ಬೆಂಕಿ ಬರುವುದೂ ಹೋಗುವುದೂ ಆ ನಡುವಿನ ಪಟ್ಟಿಯಿಂದ. ಅರಣ್ಯದವರು ಹೇಳಿದರು: ಕಲ್ಲಿನ ಆಚೆ ನಮ್ಮದು, ಈಚೆ ನಾವು ಒಂದು ಕಡ್ಡಿಯನ್ನೂ ಗೀರುವ ಹಾಗಿಲ್ಲ. ಕಂದಾಯದವರು ಹೇಳಿದರು: ಭೂ ಕಂದಾಯ ಕಾಯ್ದೆ 1964ರ 71ನೇ ಕಲಮಿನ ಪ್ರಕಾರ ಇದು ದನಗಳ ಮೇವಿಗೆಂದು ಬಿಟ್ಟ ಜಾಗ, ಬೇರೆ ಉಪಯೋಗಕ್ಕೆ ಜಿಲ್ಲಾಧಿಕಾರಿಗಳ ಒಪ್ಪಿಗೆ ಬೇಕು. ಹುಲ್ಲು ಸುಡುವುದು "ಬೇರೆ ಉಪಯೋಗ"ವೋ, ಮೇವಿನ ರಕ್ಷಣೆಯೋ? ಈ ಒಂದು ಪ್ರಶ್ನೆಗೆ ಕಡತ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಎರಡೂವರೆ ತಿಂಗಳು ನಡೆದಾಡಿತು. ಯಾವ ಟೇಬಲ್ಲಿನಲ್ಲಿ ಎಷ್ಟು ದಿನ ಮಲಗಿತು ಎಂದು ಹೇಳಿ ಯಾರ ಮನಸ್ಸನ್ನೂ ನೋಯಿಸುವುದಿಲ್ಲ. ನಮ್ಮ ಪಂಚಾಯಿತಿಯದೇ ಕಥೆ ಹೇಳುತ್ತೇನೆ. ಉದ್ಯೋಗ ಖಾತ್ರಿಯಲ್ಲಿ ಹಾಕೋಣ ಅಂದೆ. ಪಿಡಿಒ ಕಾಮಗಾರಿ ಪಟ್ಟಿ ತೆರೆದು ತೋರಿಸಿದರು: "ಬದು ಐತಿ, ಕಂದಕ ಐತಿ, ಗಿಡ ನೆಡೂದು ಐತಿ. ಸುಡೂದು ಎಲ್ಲೈತಿ ನೀವ ಹುಡುಕ್ರಿ." ಹುಡುಕಿದೆ. ಇರಲಿಲ್ಲ.

ಆಮೇಲೆ ಮೋಜಣಿ. ಉತಾರದಲ್ಲಿ ಗಾಯರಾಣ 14 ಎಕರೆ. ಸರ್ವೇಯರ್ ಬಂದು ಅಳೆದಾಗ ಹುಲ್ಲು ಇದ್ದದ್ದು 11 ಎಕರೆಯ ಚಿಲ್ಲರೆ, ಉಳಿದದ್ದರಲ್ಲಿ ಕಡಲೆ ಬೆಳೆದು ನಿಂತಿತ್ತು. ಒಂದು ಗಡಿಕಲ್ಲು ಜಾಗದಲ್ಲಿ ಇರಲೇ ಇಲ್ಲ. ಎರಡು ದಿನ ಹುಡುಕಿದ ಮೇಲೆ ಒಬ್ಬರ ಹಿತ್ತಲಲ್ಲಿ ಸಿಕ್ಕಿತು, ಅರಬಿ ಒಗೆಯುವ ಕಲ್ಲಾಗಿ. ಮೇಲೆ ಕೆತ್ತಿದ್ದ ಅಕ್ಷರ ಸಬಕಾರದಲ್ಲಿ ಸವೆದು ನುಣ್ಣಗಾಗಿತ್ತು. ಮನೆಯಾಕೆ "ಹೆಂಗೂ ಕಲ್ಲು ಬಿದ್ದಿತ್ತಲ್ಲವಾ" ಅಂದಳು. ಸರ್ವೇಯರ್ ನಕ್ಕುಬಿಟ್ಟರು, ನನಗೂ ನಗು ತಡೆಯಲಾಗಲಿಲ್ಲ. ಅಭಯಾರಣ್ಯದ ಗಡಿ ಅಂದರೆ ನಕ್ಷೆಯಲ್ಲಿ ಎಷ್ಟು ದಪ್ಪ ಗೆರೆ, ಇಲ್ಲಿ ನೋಡಿದರೆ ಅದರ ಮೇಲೆ ಸೀರೆ ಹಿಂಡುತ್ತಿದ್ದಾರೆ.

ಕಡಲೆ ಬೆಳೆದವರಲ್ಲಿ ಒಬ್ಬರು, ಉಳುತ್ತಿರುವ ಸರ್ಕಾರಿ ಜಾಗ ತಮ್ಮ ಹೆಸರಿಗೆ ಸಕ್ರಮ ಮಾಡಿಕೊಡಿ ಎನ್ನುವ ಬಗರ್ ಹುಕುಂ ಅರ್ಜಿ, ಫಾರ್ಮ್ 57, ಹಾಕಿದ್ದರು. ಅದು ಇತ್ಯರ್ಥ ಆಗಿರಲಿಲ್ಲ. ಇತ್ಯರ್ಥ ಆಗದ ಜಾಗದಲ್ಲಿ ಯಾರೂ ಕೈ ಹಾಕುವುದಿಲ್ಲ. ಹೀಗೆ ನಮ್ಮ ರೇಖೆಯ ನಡುವೆ 200 ಮೀಟರಿನ ಒಂದು ಕಿಂಡಿ ಕಾಗದದ ಮೇಲೆಯೇ ಉಳಿದುಹೋಯಿತು. ಅದರ ಮಾತು ಕಡೆಗೆ ಬರುತ್ತೇನೆ.

ಅನುಮತಿ ಪತ್ರ ಬಂದಾಗ ಮಾರ್ಚ್ ಎರಡನೇ ವಾರ.

ಪತ್ರ ಹಿಡಿದುಕೊಂಡು ಗಾಯರಾಣಕ್ಕೆ ಹೋದೆ, ಗಸ್ತಿನ ಗಾರ್ಡ್ ಬೈಕಿನ ಮೇಲೆ ಬಂದರು. ಇನ್ನೂ ಮೂವತ್ತು ತುಂಬದ ಹುಡುಗ, ವಿಜಯಪುರ ಕಡೆಯವರು. ಇಬ್ಬರೂ ಮಾತಾಡಲಿಲ್ಲ. ಹೊಲದ ಮಧ್ಯೆ ಒಂದು ಸುಳಿಗಾಳಿ ಕಸ ಎತ್ತಿಕೊಂಡು ತಿರುಗುತ್ತಿತ್ತು. ಹುಲ್ಲು ಮುರಿದರೆ ಟಪ್ ಅನ್ನುತ್ತಿತ್ತು. ಅತ್ತೆ ಒಂದು ಹಿಡಿ ಮಣ್ಣು ಎತ್ತಿ ಎದೆಯ ಮಟ್ಟದಿಂದ ಬಿಟ್ಟರು. ಅದು ನೆಲಕ್ಕೆ ಬೀಳದೆ ಅಡ್ಡಕ್ಕೆ ಹೋಯಿತು.

"ಕಾಗದ ಬಂದೈತಿ ಆಯಿ," ಅಂದರು ಗಾರ್ಡ್.

"ಗಾಳಿನೂ ಬಂದೈತಿ ನೋಡಪಾ," ಅಂದರು ಅತ್ತೆ.

ಸುಡಲಿಲ್ಲ. ಒಂದು ವರ್ಷ ಓಡಾಡಿ ತಂದ ಅನುಮತಿಯನ್ನು ಟ್ರಂಕಿನಲ್ಲಿಟ್ಟೆ. ಆ ಬೇಸಿಗೆಗೆ ಸಲಿಕೆ, ಕುರ್ಚಿಗಿ ಹಿಡಿದು ಎಂಟು ಹೆಂಗಸರು ನಾಲ್ಕು ದಿನ ಆರಡಿ ಅಗಲ ಹುಲ್ಲು ಕೆತ್ತಿ ನೆಲ ಬೋಳು ಮಾಡಿದೆವು. ಬಣವಿಗಳನ್ನು ಊರೊಳಗೆ ಒಟ್ಟಿದೆವು. ದೇವರ ದಯೆ, ಆ ವರ್ಷ ಬೆಂಕಿ ಬರಲಿಲ್ಲ.

ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದುವ ನಮ್ಮ ಅಣ್ಣನ ಮಗ ರಜೆಗೆ ಬಂದಾಗ ಈ ಕಥೆ ಕೇಳಿ ತಲೆ ಚಚ್ಚಿಕೊಂಡ. ಅವನು ಹೇಳಿದ್ದರಲ್ಲಿ ಎರಡು ಸಂಗತಿ ನನ್ನ ತಲೆಯಲ್ಲಿ ಕೂತವು. ಒಂದು, ಬಿಳಿಗಿರಿರಂಗನ ಬೆಟ್ಟದ ಸೋಲಿಗರದು. ಅವರು ಬೇಸಿಗೆ ಬಲಿಯುವ ಮೊದಲೇ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು, ತರಗು ಬೆಂಕಿ ಅಂತಲೇ ಅದಕ್ಕೆ ಹೆಸರು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ತರಗು ಬೆಂಕಿ ನಿಂತಿತು. ಬೆಂಕಿ ನಿಂತ ಮೇಲೆಯೇ ಲಂಟಾನ ಕಾಡೆಲ್ಲ ತುಂಬಿತು ಅನ್ನುತ್ತಾರೆ ಸೋಲಿಗರು. ಅದನ್ನು ಅಭ್ಯಾಸ ಮಾಡಿದ ವಿಜ್ಞಾನಿಗಳೂ ಇದ್ದಾರೆ. ಇನ್ನೊಂದು ಅಮೆರಿಕದ್ದು. ಅಲ್ಲಿ ಫ್ಲಾರಿಡಾ ಅನ್ನುವ ರಾಜ್ಯದಲ್ಲಿ 1990ರಲ್ಲೇ ಸುಡುವುದಕ್ಕಾಗಿಯೇ ಒಂದು ಕಾಯ್ದೆ ಮಾಡಿದ್ದಾರೆ. ತರಬೇತಿ ಪಡೆದು ಸರ್ಟಿಫಿಕೇಟ್ ತೆಗೆದುಕೊಂಡವರು ಯೋಜನೆ ಬರೆದಿಟ್ಟುಕೊಂಡು, ಸುಡುವ ದಿನ ಅರಣ್ಯ ಇಲಾಖೆಯಿಂದ ಅಂದಿನ ಒಪ್ಪಿಗೆ ಪಡೆದು ತಮ್ಮ ಜಮೀನು ಸುಡಬಹುದು. ನಿಯಮದ ಪ್ರಕಾರ ಸುಟ್ಟಿದ್ದರೆ, ಘೋರ ನಿರ್ಲಕ್ಷ್ಯ ಮಾಡಿರದಿದ್ದರೆ, ನಷ್ಟ ತುಂಬಿಕೊಡುವ ಹೊಣೆ ಮೈಮೇಲೆ ಬರುವುದಿಲ್ಲ.

"ಅವತ್ತಿಂದ ಅವತ್ತಿಗೆ?" ಅಂತ ಕೇಳಿದೆ.

"ಹೂಂ ಅತ್ತಿ, ಅವತ್ತಿನ ಗಾಳಿ ನೋಡಿ ಅವತ್ತಿಗೆ."

ನನ್ನ ಟ್ರಂಕಿನ ಪತ್ರದ ನೆನಪಾಗಿ ಹೊಟ್ಟೆ ಉರಿಯಿತು.

ಎರಡನೇ ವರ್ಷ ಆಗಸ್ಟಿನಲ್ಲೇ ಗ್ರಾಮಸಭೆಯಲ್ಲಿ ಠರಾವು ಮಾಡಿಸಿದೆ. ಈ ಸಲ ದಾರಿ ಗೊತ್ತಿತ್ತು. ಗಾಯರಾಣ ಪಂಚಾಯಿತಿಯ ಠರಾವಿನ ಮೇಲೆ, ಉಸ್ತುವಾರಿ ಅರಣ್ಯದವರದು, ಕೂಲಿ ಗ್ರಾಮ ಅರಣ್ಯ ಸಮಿತಿಯ ಖಾತೆಯಿಂದ, ಅಗ್ನಿಶಾಮಕ ಠಾಣೆಗೆ ಮುಂಚಿತ ತಿಳುವಳಿಕೆ. ಅಕ್ಟೋಬರಿನಲ್ಲಿ ಎಲ್ಲ ಇಲಾಖೆಯವರೂ ಒಂದೇ ದಿನ ಬಂದು ಜಾಗ ನೋಡಿದರು. ಅದನ್ನು ಮಾಡಿಸಿದ್ದೇ ನನ್ನ ದೊಡ್ಡ ಸಾಧನೆ ಅಂತ ಈಗಲೂ ಅಂದುಕೊಳ್ಳುತ್ತೇನೆ. ಬೆಂಕಿ ಹಚ್ಚುವುದು ಅದರ ಮುಂದೆ ಸಣ್ಣ ಕೆಲಸ.

ಸಣ್ಣದೂ ಅಲ್ಲ, ಬಿಡಿ. ಬೆಂಕಿ ರೇಖೆ ಅಂದರೆ ಹುಲ್ಲಿಗೆ ಕಡ್ಡಿ ಗೀರಿ ದೂರ ನಿಲ್ಲುವುದು ಎಂದೇ ತಿಳಿದಿದ್ದೆ. ಮೊದಲು ಹತ್ತು ಮೀಟರ್ ಅಂತರದಲ್ಲಿ ಎರಡು ಸಾಲು ಕೆತ್ತಬೇಕು, ಒಂದೊಂದೂ ಒಂದೂವರೆ ಮೀಟರ್ ಅಗಲ, ಬೇರು ಸಮೇತ, ಮಣ್ಣು ಕಾಣುವ ಹಾಗೆ. ಕೆತ್ತಿದ ಹುಲ್ಲನ್ನು ಹೊರಗೆ ಒಗೆಯದೆ ನಡುವಿನ ಪಟ್ಟಿಗೇ ಹಾಕಿ ಒಣಗಲು ಬಿಡಬೇಕು. ಸುತ್ತ ಇನ್ನೂ ಅರೆಹಸಿರು ಇರುವಾಗ ಆ ನಡುವಿನ ಪಟ್ಟಿಯಷ್ಟೇ ಒಣಗಿರುತ್ತದೆ. ಆಗ ಸುಟ್ಟರೆ ಬೆಂಕಿ ತಾನಾಗಿ ಆ ಓಣಿಯಲ್ಲೇ ನಡೆಯುತ್ತದೆ. ನವೆಂಬರ್-ಡಿಸೆಂಬರಿನಲ್ಲಿ ಕೆತ್ತಿದೆವು. ಸುಡುವ ದಿನ ಎಳ್ಳಮಾಸಿ ಕಳೆದು ಸಂಕ್ರಮಣದ ಒಳಗೆ ಗೊತ್ತಾಯಿತು. ಇಲಾಖೆಯ ಲೆಕ್ಕವೂ ಅತ್ತೆಯ ಲೆಕ್ಕವೂ ಒಂದೇ ವಾರಕ್ಕೆ ಬಂದು ನಿಂತವು. ಅತ್ತೆ ಇದನ್ನು ಮನೆಮನೆಗೆ ಹೇಳಿಕೊಂಡು ಬಂದರು.

ಬೆಳಿಗ್ಗೆ ಆರೂವರೆಗೆ ಸೇರಿದೆವು, ಹದಿನಾರು ಮಂದಿ. ಪಂಚಾಯಿತಿ ನೀರಿನ ಟ್ಯಾಂಕರ್, ಇಲಾಖೆಯ ಎಲೆ ಊದುವ ಯಂತ್ರ ಒಂದು, ರೈತರ ಬೆನ್ನಿಗೆ ಔಷಧ ಹೊಡೆಯುವ ಪಂಪು ಆರು. ಪಂಪುಗಳನ್ನು ಹಿಂದಿನ ಸಂಜೆಯೇ ಮೂರು ಸಲ ತೊಳೆದು ನೀರು ತುಂಬಿದ್ದೆವು, ಆದರೂ ಒಂದರಿಂದ ಹತ್ತಿಯ ಕೀಟನಾಶಕದ ವಾಸನೆ ಬರುತ್ತಿತ್ತು. ನೈಲಾನ್ ಸೀರೆ ಉಟ್ಟು ಬಂದ ಇಬ್ಬರನ್ನು ಗಾರ್ಡ್ ವಾಪಸು ಕಳಿಸಿದರು, ಹತ್ತಿಯದು ಉಟ್ಟು ಬನ್ನಿ ಅಂತ. ಇಬ್ಬನಿ ಆರುವವರೆಗೆ ಕಾಯಬೇಕು. ಏಳೂವರೆಗೆ ಒಂದು ಮುಷ್ಟಿ ಹುಲ್ಲಿಗೆ ಹಚ್ಚಿ ನೋಡಿದರು, ಹೊಗೆ ಬಂತು, ಉರಿ ಬರಲಿಲ್ಲ. ಎಂಟಕ್ಕೆ ಹಿಡಿಯಿತು.

ಗಾಳಿ ಬರುವ ಕಡೆಯಿಂದ ಹಚ್ಚಲಿಲ್ಲ, ಗಾಳಿ ಹೋಗುವ ಕಡೆಯ ತುದಿಯಿಂದ ಹಚ್ಚಿದರು. ಬೆಂಕಿ ಗಾಳಿಗೆ ಎದುರಾಗಿ ನಡೆಯಬೇಕು. ಹಾಗೆ ನಡೆಯುವ ಬೆಂಕಿ ಮೊಣಕಾಲಿಗಿಂತ ಮೇಲೆ ಏಳಲಿಲ್ಲ, ಮುದುಕಿ ನಡೆದ ಹಾಗೆ ಒಂದೊಂದೇ ಹೆಜ್ಜೆ. ಎರಡು ವರ್ಷದ ಹಿಂದೆ ನನ್ನ ಬಣವಿ ತಿಂದದ್ದೂ ಇದೇ ಅಂದರೆ ನಂಬಲಾಗುತ್ತಿರಲಿಲ್ಲ. ಹೊಗೆ ಎದ್ದ ಐದು ನಿಮಿಷಕ್ಕೆ ಎಲ್ಲಿದ್ದವೋ ಕಾಜಾಣಗಳು ಬಂದವು. ಬೆಂಕಿಯ ತುಟಿಯಿಂದ ಹಾರುವ ಮಿಡತೆಗಳನ್ನು ಗಾಳಿಯಲ್ಲೇ ಹಿಡಿದು, ಬೇಲಿಯ ಮೇಲೆ ಕೂತು ನುಂಗಿ, ಮತ್ತೆ ಬಂದವು. ಮೇಲೆ ಎರಡು ಹದ್ದು. ಒಂದು ಮೊಲ ಹುಲ್ಲಿನಿಂದ ಹೊರಬಿದ್ದು ನಮ್ಮ ಕಾಲ ಸಂದಿಯಿಂದಲೇ ಓಡಿತು, ಒಬ್ಬ ಹುಡುಗ ಕೋಲು ಎತ್ತಿದ, ಗಾರ್ಡ್ ಅವನ ಹೆಸರು ಹಿಡಿದು ಒದರಿದರು, ಕೋಲು ಕೆಳಗಿಳಿಯಿತು.

ತಪ್ಪೂ ಆಯಿತು. ಇಳಿಜಾರಿನ ಜಾಗದಲ್ಲಿ ಉರಿಯುತ್ತಿದ್ದ ಒಂದು ಒಣ ಸಗಣಿಯ ಕುಳ್ಳು ಉರುಳಿ ಕೆತ್ತಿದ ಸಾಲು ದಾಟಿತು. ಆಚೆ ಹುಲ್ಲು, ಹುಲ್ಲಿನ ಪಕ್ಕ ಒಂದು ಕಾರಿ ಗಿಡ. ಹತ್ತು ನಿಮಿಷ ಎಲ್ಲರೂ ಅಲ್ಲೇ. ಗಿಡದ ಅರ್ಧ ಹೋಯಿತು, ಬೆಂಕಿ ನಿಂತಿತು. ನನಗೆ ಕೈ ನಡುಗುತ್ತಿತ್ತು. ಠರಾವಿನಲ್ಲಿ ನನ್ನ ಸಹಿ ಮೊದಲನೆಯದು, ಆ ಹತ್ತು ನಿಮಿಷ ನನ್ನ ತಲೆಯಲ್ಲಿ ಇದ್ದದ್ದು 30ನೇ ಕಲಮು ಮಾತ್ರ.

ಹತ್ತೂವರೆಗೆ ಸುಡುವುದು ಮುಗಿಯಿತು, ಒಂದೂಕಾಲು ಕಿಲೋಮೀಟರ್. ಇನ್ನೇನು ಉಪ್ಪಿಟ್ಟಿನ ಪಾತ್ರೆ ತೆರೆಯಬೇಕು, ಗಾರ್ಡ್ ಬಿಡಲಿಲ್ಲ. ಕುಳ್ಳುಗಳ ಕೆಲಸ ಬಾಕಿ ಇತ್ತು. ಮೇವಿನ ಜಾಗ ಅಂದಮೇಲೆ ಒಣಗಿದ ಸಗಣಿ ಹೆಜ್ಜೆಗೊಂದು. ಮೇಲೆ ಬೂದಿ, ಒಳಗೆ ಕೆಂಡ, ಮರುದಿನದವರೆಗೂ ಸದ್ದಿಲ್ಲದೆ ಇರುತ್ತದೆ. ಗಾಳಿ ಎದ್ದಾಗ ಕಿಡಿ ಹಾರುವುದು ಅದರಿಂದಲೇ. ಒಂದೊಂದನ್ನೂ ಸಲಿಕೆಯಿಂದ ಮಗುಚಿ, ಒಡೆದು, ನೀರು ಹಾಕಿ, ಅಂಗೈಯ ಹಿಂಭಾಗ ಹತ್ತಿರ ಒಯ್ದು ಬಿಸಿ ನೋಡಬೇಕು. ಸುಟ್ಟದ್ದು ಎರಡೂವರೆ ತಾಸು, ಆರಿಸಿದ್ದು ಮೂರು ತಾಸು. ಹಸಿ ಸಗಣಿ ಬೂದಿಯ ನೀರಿನ ವಾಸನೆ ಎರಡು ದಿನ ಕೈಯಿಂದ ಹೋಗಲಿಲ್ಲ.

ಉಣ್ಣಲು ಕೂತಾಗ ಒಂದೂಮುಕ್ಕಾಲು. ಸ್ವಲ್ಪ ಹೊತ್ತಿಗೆ ಗಾರ್ಡ್ ಮೊಬೈಲ್ ಕಿಣಿಕ್ ಅಂದಿತು. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣೆಯಿಂದ ಬರುವ ಬೆಂಕಿ ಸಂದೇಶ. ಉಪಗ್ರಹ ಮೇಲಿಂದ ಹಾದುಹೋಗುವಾಗ ನೆಲದ ಬಿಸಿ ಗುರುತಿಸುತ್ತದೆ, ಅಕ್ಷಾಂಶ-ರೇಖಾಂಶ ಸಮೇತ ಆಯಾ ಗಸ್ತಿನವರಿಗೆ ಮೆಸೇಜು ಬೀಳುತ್ತದೆ. ಅದರ ಒಂದೊಂದು ಚೌಕ 375 ಮೀಟರ್. ನಮ್ಮ ಬೆಂಕಿ ಸಿಕ್ಕಿತು ಅಂದುಕೊಂಡು ನಾನು ನಕ್ಕೆ. ಗಾರ್ಡ್ ಜಿಪಿಎಸ್‌ನಲ್ಲಿ ಅಂಕಿ ಒತ್ತಿದರು, ನಗಲಿಲ್ಲ. "ಇದು ನಮ್ಮದಲ್ರೀ ಅಕ್ಕಾರ. ಪಡುವಣಕ್ಕ ಒಂದು ಕಿಲೋಮೀಟರ್ ಐತಿ."

ಬೈಕಿನ ಹಿಂದೆ ಕೂತು ಹೋದೆ. ಪಕ್ಕದೂರಿನ ಒಬ್ಬ ಹಿರಿಯರು ತಮ್ಮ ಹೊಲದಲ್ಲಿ ಬದು, ಕೂಳೆ ಎಲ್ಲ ಕೂಡಿಸಿ ಹಚ್ಚಿದ್ದರು. ಮಟಮಟ ಮಧ್ಯಾಹ್ನ, ನೀರಿಲ್ಲ, ಜೊತೆಗೆ ಯಾರೂ ಇಲ್ಲ, ಟವೆಲ್ ತಲೆಗೆ ಸುತ್ತಿ ನೆರಳಲ್ಲಿ ಕೂತಿದ್ದರು.

"ಕಾಕಾ, ಏನ್ರೀ ಇದು?"

"ಮುಂಜಾನಿಂದ ಹೊಗಿ ನೋಡಾಕತ್ತೇನಿ ತಂಗಿ. ಸರ್ಕಾರನ ಸುಡಾಕತ್ತೈತಿ ಅಂದಮ್ಯಾಲ, ನಾನೂ ಒಮ್ಮೆ ಮುಗಿಸಿಬಿಡೂಣಂತ."

ಹದಿನಾರು ಮಂದಿ ಅಲ್ಲಿಗೂ ಓಡಿದೆವು. ಗಾಯರಾಣಕ್ಕೆ ಮೂವತ್ತು ಹೆಜ್ಜೆ ಇರುವಾಗ ಹಿಡಿದೆವು. ಗಾರ್ಡ್ ಕೇಸ್ ಮಾಡಲಿಲ್ಲ. ಹೊಲ ಅವರ ಮಾಲ್ಕಿ, ಬೆಂಕಿ ಕಲ್ಲು ದಾಟಿರಲಿಲ್ಲ. ದಾಟಿದ್ದರೆ ಅಪರಾಧಿ ಆಗುತ್ತಿದ್ದರು. ಕಾಕಾ ನನ್ನನ್ನೇ ಕೇಳಿದರು, "ಹಂಗಾದ್ರ ನಾ ಸುಡಬೇಕಂದ್ರ ಯಾರನ್ನ ಕೇಳಬೇಕು? ನೀವು ಯಾರನ್ನ ಕೇಳಿದ್ರಿ?" ನನ್ನ ಒಂದೂವರೆ ವರ್ಷದ ದಾರಿ ಹೇಳಲು ಬಾಯಿ ಬರಲಿಲ್ಲ. ಎರಡು ಎಕರೆಯ ಮುದುಕ ಠರಾವು ತರಬೇಕೆ? ಅವರು ಹೋಗಿ ನಿಲ್ಲುವ ಟೇಬಲ್ಲು ಯಾವುದೂ ಇಲ್ಲ. ಯಾವ ವಾರ, ಎಷ್ಟು ಹೊತ್ತಿಗೆ, ಎಷ್ಟು ನೀರು ಇಟ್ಟುಕೊಂಡು ಎಂದು ಅವರಿಗೆ ಯಾರೂ ಹೇಳಿಲ್ಲ. ಹೇಳಬೇಕೆಂದು ಯಾರ ಕೆಲಸದ ಪಟ್ಟಿಯಲ್ಲೂ ಇಲ್ಲ. ಮುಂದಿನ ವರ್ಷ ನಾವು ಸುಡುವ ಹಿಂದಿನ ದಿನ ಡಂಗುರ ಸಾರಿಸಬೇಕು, ನಮ್ಮ ಜೊತೆಗೇ ಅವರ ಬದುಗಳನ್ನೂ ಸುಟ್ಟುಕೊಡಬೇಕು ಎಂದು ಅಲ್ಲೇ ನಿಂತು ಗಾರ್ಡ್ ಜೊತೆ ಮಾತಾಡಿಕೊಂಡೆ. ಬರಹದಲ್ಲಿ ಅಲ್ಲ, ಬಾಯಿಮಾತಿನಲ್ಲಿ.

ಆ ಬೇಸಿಗೆ, ಹೋಳಿ ಹುಣ್ಣಿವೆ ಕಳೆದು ವಾರಕ್ಕೆ, ರಸ್ತೆ ಕಡೆಯಿಂದ ಬೆಂಕಿ ಬಂತು. ಬೀಡಿಯದೋ ಏನೋ ತಿಳಿಯಲಿಲ್ಲ. ರಾತ್ರಿ ಎಂಟರ ಹೊತ್ತಿಗೆ ನಮ್ಮ ಕರಿ ಪಟ್ಟಿಗೆ ಬಂದು ಮುಟ್ಟಿತು. ಕಣದಲ್ಲಿ ನಿಂತು ನೋಡಿದೆವು. ಪಟ್ಟಿಯ ಉದ್ದಕ್ಕೂ ಒಂದು ಕೆಂಪು ದಾರ ಎಳೆದ ಹಾಗೆ ನಿಂತು, ಅಲ್ಲಲ್ಲಿ ಕುಗ್ಗಿ, ಆರಿತು. ಅತ್ತೆ ಕೈಮುಗಿದರು. ಆದರೆ ಆ 200 ಮೀಟರ್ ಕಿಂಡಿ ಇತ್ತಲ್ಲ. ಕಡಲೆ ಕಿತ್ತ ಮೇಲೆ ಅಲ್ಲಿ ಕಸ, ಒಣ ಹುಲ್ಲು. ಬೆಂಕಿಗೆ ಫಾರ್ಮ್ 57 ಗೊತ್ತಿಲ್ಲ, ಅದರಲ್ಲೇ ದಾರಿ ಮಾಡಿಕೊಂಡು ಗುಡ್ಡಕ್ಕೆ ಹೋಯಿತು. ರಾತ್ರಿ ಆದದ್ದರಿಂದ, ಮೇಲೆ ಕಾವಲಿನವರು ಇದ್ದದ್ದರಿಂದ ಮೊದಲ ಏರಿನಲ್ಲೇ ಹಿಡಿದರು. ನಮ್ಮ ಬಣವಿ ಉಳಿದವು.

ಮುಂದಿನ ಅರ್ಜಿಯನ್ನು ನಾಗರ ಪಂಚಮಿಯ ಮರುದಿನವೇ ಒಯ್ದೆ. ಜಿಟಿಜಿಟಿ ಮಳೆ. ಕೊಡೆಯ ನೀರು ಟೇಬಲ್ಲಿನ ಮೇಲೆ ಬೀಳದ ಹಾಗೆ ಹಿಡಿದು, ಸೆರಗಿನಲ್ಲಿ ಸುತ್ತಿದ್ದ ಹಾಳೆ ತೆಗೆದುಕೊಟ್ಟೆ. ಅದೇ ಗುಮಾಸ್ತರು. ವಿಷಯದ ಸಾಲು ಓದಿದರು: "ಬೆಂಕಿ ರೇಖೆ ನಿರ್ಮಾಣ ಹಾಗೂ ಬಾಕಿ ಉಳಿದ 200 ಮೀಟರ್ ಜಾಗದ ಬಗರ್ ಹುಕುಂ ಅರ್ಜಿ ಇತ್ಯರ್ಥ ಕುರಿತು."

"ಮೆಂಬರಕ್ಕಾರ, ಹೊರಗ ಮಳಿ ಹೊಡ್ಯಾಕತ್ತೈತಿ, ನೀವು ಬೆಂಕಿ ತಂದೀರಿ."

"ತಡಾ ಆಗೇತ್ರಿ ಈಗಾಗ್ಲೇ," ಅಂದೆ.

ಅವರು ಶಿಕ್ಕಾದ ಮೇಲೆ ಊದಿ, ಹೊಡೆದು, ಆವಕ ನಂಬರ್ ಬರೆದರು.